ರಾಯಭಾರ ಕಚೇರಿ ಮೇಲೆ ಗುಂಡು ಬಿದ್ದರೆ ಬೆಳಗಲಿಗೆ ಏನು?

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಕಬ್ಬಿಗೆ ನೀರು ಬಿಟ್ಟು ಬದುವಿನ ಮೇಲೆ ಫೋನ್ ಇಟ್ಟು ಕೇಳ್ತಿರೋರಿಗೂ ನಮಸ್ಕಾರ. ನಾನು ಮಾತಾಡ್ತಿರೋದು ರನ್ನ ಬೆಳಗಲಿಯಿಂದ. ಬಾಗಲಕೋಟೆ ಜಿಲ್ಲೆ, ಮುಧೋಳ ತಾಲೂಕು. ಕವಿ ರನ್ನ ಹುಟ್ಟಿದ ಊರು.

ಇವತ್ತಿನ ವಿಷಯ ಕೇಳಿದ್ರೆ ನಿಮಗೆ ನಗು ಬರಬಹುದು. ವಿದೇಶದಲ್ಲಿರೋ ರಾಯಭಾರ ಕಚೇರಿಗಳ ಮೇಲೆ ದಾಳಿ ಆಗೋದು, ಅದರ ಮೇಲೆ ಇಲ್ಲಿ ರಾಜಕೀಯ ಆಗೋದು. "ಇದು ದಿಲ್ಲಿ ಮಂದಿ ಮಾತು, ಬೆಳಗಲಿಯವರಿಗೆ ಯಾಕ ಬೇಕು?" ಅಂತ ನಮ್ಮ ಗೆಳೆಯನೇ ಕೇಳಿದ. ನಾನೂ ಒಂದು ಕಾಲಕ್ಕೆ ಹಂಗೇ ಅಂದುಕೊಂಡಿದ್ದೆ. 2023ರ ಏಪ್ರಿಲ್ ತಿಂಗಳು ಆ ಅನಿಸಿಕೆ ಬಿಡಿಸ್ತು.

ಆ ಏಪ್ರಿಲ್ ನೆನಪು ಮಾಡ್ಕೊಳ್ಳಿ. ವಿಧಾನಸಭಾ ಚುನಾವಣೆ. ಮೇ 10ಕ್ಕೆ ಮತದಾನ. ಬಿಸಿಲು ಒಂದು ಕಡೆ, ಪ್ರಚಾರದ ಗಾಡಿಗಳ ಮೈಕು ಇನ್ನೊಂದು ಕಡೆ. ನಮ್ಮೂರ ಚಾದಂಗಡಿಯಲ್ಲಿ ಒಂದು ಬೆಂಚು ಒಂದು ಪಕ್ಷದ್ದು, ಎದುರಿನ ಬೆಂಚು ಇನ್ನೊಂದು ಪಕ್ಷದ್ದು. ಏಪ್ರಿಲ್ 18, ಮಂಗಳವಾರ. ಸಾಯಂಕಾಲ ಎಲ್ಲರ ಫೋನಿನಲ್ಲೂ ಒಂದೇ ಸುದ್ದಿ: ಸುಡಾನ್‌ನಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡಿದ್ದಾರೆ.

ಹಿನ್ನೆಲೆ ಸ್ವಲ್ಪ ಹೇಳ್ತೇನೆ. ಏಪ್ರಿಲ್ 15ಕ್ಕೆ ಸುಡಾನ್ ರಾಜಧಾನಿ ಖಾರ್ಟೂಮ್‌ನಲ್ಲಿ ಕಾಳಗ ಶುರುವಾಯ್ತು. ಒಂದು ಕಡೆ ಜನರಲ್ ಬುರ್ಹಾನ್ ಕೈಯಲ್ಲಿದ್ದ ದೇಶದ ಸೈನ್ಯ. ಇನ್ನೊಂದು ಕಡೆ ಹೆಮೆದ್ತಿ ಅಂತ ಕರೆಸಿಕೊಳ್ಳೋ ದಗಾಲೋ ಅವರ ಅರೆಸೇನಾ ಪಡೆ, ಆರ್‌ಎಸ್‌ಎಫ್. ಮೊನ್ನೆವರೆಗೂ ಇಬ್ಬರೂ ಒಂದೇ ಕುರ್ಚಿಯನ್ನ ಹಂಚಿಕೊಂಡು ಕೂತವರು. ಕಾಳಗ ಗಡಿಯಲ್ಲಿ ನಡೀಲಿಲ್ಲ. ಊರೊಳಗೆ, ಓಣಿಯೊಳಗೆ, ವಿಮಾನ ನಿಲ್ದಾಣದೊಳಗೆ ನಡೀತು. ಕೇರಳ ಮೂಲದ ಒಬ್ಬರು ದಾರಿ ತಪ್ಪಿ ಬಂದ ಗುಂಡಿಗೆ ಸತ್ತರು.

ಇನ್ನು ಹಕ್ಕಿಪಿಕ್ಕಿ ಜನ. ನಮ್ಮ ಕಡೆ ಅನೇಕರಿಗೆ ಇವರು ಗೊತ್ತಿಲ್ಲ. ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗ, ದಾವಣಗೆರೆಯ ಚನ್ನಗಿರಿ, ಈ ಕಡೆಗಳಲ್ಲಿ ಇವರ ಕಾಲೊನಿಗಳಿವೆ. ಪರಿಶಿಷ್ಟ ಪಂಗಡ. ಮನೆಮಾತು ವಾಗ್ರಿಬೋಲಿ. ಹಿಂದೆ ಹಕ್ಕಿ ಹಿಡಿದು ಬದುಕ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ದಾರಿ ಮುಚ್ಚಿತು. ಆಮೇಲೆ ಗಿಡಮೂಲಿಕೆ ಎಣ್ಣೆ, ಮಣಿಸರ ಮಾರೋದು. ಮೊದಲು ಊರೂರು ತಿರುಗಿದರು. ಆಮೇಲೆ ಪಾಸ್‌ಪೋರ್ಟ್ ಮಾಡಿಸಿಕೊಂಡು ಆಫ್ರಿಕಾ ದೇಶಗಳಿಗೂ ಹೋದರು. ಅವರಲ್ಲಿ ಒಂದಷ್ಟು ಜನ ಆ ಹೊತ್ತಿಗೆ ಸುಡಾನ್‌ನ ಪಶ್ಚಿಮದ ಡಾರ್ಫರ್ ಸೀಮೆಯ ಎಲ್ ಫಶೇರ್ ಊರಲ್ಲಿದ್ದರು. ಬಾಡಿಗೆ ಮನೆ, ಹೊರಗೆ ಗುಂಡಿನ ಸದ್ದು, ಒಳಗೆ ಮುಗೀತಾ ಬಂದಿರೋ ನೀರು. ಕೈಯಲ್ಲಿ ಮೊಬೈಲ್ ಒಂದಿತ್ತು, ವಿಡಿಯೊ ಮಾಡಿ ಊರಿಗೆ ಕಳಿಸಿದರು.

ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವೀಟ್ ಮಾಡಿದರು. ಕರ್ನಾಟಕದ 31 ಹಕ್ಕಿಪಿಕ್ಕಿ ಜನ ಅಲ್ಲಿದ್ದಾರೆ, ಊಟ ಇಲ್ಲ, ಕೇಂದ್ರ ಸರ್ಕಾರ ಇನ್ನೂ ಕ್ರಮ ತಗೊಂಡಿಲ್ಲ, ಕೂಡಲೇ ಕರೆತನ್ನಿ ಅಂತ. ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದಕ್ಕೆ ನೇರ ಉತ್ತರ ಕೊಟ್ಟರು, ಅದೂ ಸಿಟ್ಟಿನಿಂದ. ಜನರ ಜೀವ ಅಪಾಯದಲ್ಲಿದೆ, ರಾಜಕೀಯ ಮಾಡಬೇಡಿ. ರಾಯಭಾರ ಕಚೇರಿ ಮೊದಲಿಂದಲೂ ಸಂಪರ್ಕದಲ್ಲಿದೆ. ಅವರು ಎಲ್ಲಿದ್ದಾರೆ ಅನ್ನೋದನ್ನ ಭದ್ರತೆ ಕಾರಣಕ್ಕೆ ಬಹಿರಂಗ ಮಾಡೋಕಾಗಲ್ಲ ಅಂತ. ಸಿದ್ದರಾಮಯ್ಯ ಮತ್ತೆ ತಿರುಗಿ ಕೇಳಿದರು: ನೀವು ವಿದೇಶಾಂಗ ಸಚಿವರು ಅಂತ ತಾನೆ ನಿಮ್ಮನ್ನ ಕೇಳಿದ್ದು, ನಿಮಗಾಗದಿದ್ದರೆ ಯಾರನ್ನ ಕೇಳಬೇಕು ಹೇಳಿ ಅಂತ.

ಮುಗೀತಲ್ಲ! ಚಾದಂಗಡಿಯಲ್ಲಿ ಬೆಂಕಿ. ಒಂದು ಬೆಂಚಿನವರು, "ಓಟಿಗಾಗಿ ಮಂದಿ ಜೀವದ ಜೋಡಿ ಆಟ ಆಡ್ತಾರ" ಅಂದರು. ಎದುರು ಬೆಂಚಿನವರು, "ಕೇಳಿದ್ರ ತಪ್ಪೇನೋ? ಕೇಳಾಕ ಅಲ್ಲೇನು ವಿರೋಧ ಪಕ್ಷ ಇರೂದು?" ಅಂದರು.

ಈಗ ನನ್ನ ತಪ್ಪು ಹೇಳ್ತೇನೆ. ಅವತ್ತು ರಾತ್ರಿ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಕಳಿಸಿದ ಒಂದು ಪೋಸ್ಟ್ ಬಂತು: ಖಾರ್ಟೂಮ್‌ನ ಭಾರತದ ರಾಯಭಾರ ಕಚೇರಿಗೆ ಬೀಗ ಬಿದ್ದಿದೆ, ಅಧಿಕಾರಿಗಳು ಜನರನ್ನ ಬಿಟ್ಟು ಓಡಿಹೋಗಿದ್ದಾರೆ ಅಂತ. ನಾನು ಎರಡು ಸಲ ಯೋಚನೆ ಮಾಡಲಿಲ್ಲ. ನಾಲ್ಕು ಗುಂಪಿಗೆ ಫಾರ್ವರ್ಡ್ ಮಾಡಿದೆ. ನನ್ನ ಬೆಂಚಿಗೆ ಅನುಕೂಲ ಆಗೋ ಸುದ್ದಿ ಅದು, ಅಷ್ಟೇ ಕಾರಣ.

ಎರಡು ದಿನ ಬಿಟ್ಟು ಸರಿಯಾದ ಸುದ್ದಿ ಓದಿದೆ. ನಮ್ಮ ಕಚೇರಿ ಇದ್ದದ್ದೇ ಖಾರ್ಟೂಮ್ ವಿಮಾನ ನಿಲ್ದಾಣದ ಹತ್ತಿರ. ಕಾಳಗ ಅತಿ ಜೋರಿದ್ದ ಜಾಗ ಅದು. ಕಟ್ಟಡದೊಳಗೆ ಯಾರೂ ಇರಲಿಲ್ಲ ಅನ್ನೋದು ನಿಜ. ಆದರೆ ಸಿಬ್ಬಂದಿ ಬೇರೆ ಬೇರೆ ಕಡೆ ಕೂತು ಫೋನಿನಲ್ಲೇ ಕಚೇರಿ ನಡೆಸ್ತಿದ್ದರು. ಅವರೂ ಅದೇ ಗುಂಡಿನ ಕೆಳಗಿದ್ದವರು. ಖಾಲಿ ಕಟ್ಟಡ ಅನ್ನೋ ಅರ್ಧ ನಿಜಕ್ಕೆ ಓಡಿಹೋದರು ಅನ್ನೋ ಸುಳ್ಳನ್ನ ಯಾರೋ ಹೊಲಿದಿದ್ದರು. ನಾನು ಡಿಲೀಟ್ ಮಾಡಿದೆ. ಏನು ಪ್ರಯೋಜನ? ಅಷ್ಟೊತ್ತಿಗೆ ಟಿಕ್ ಎಲ್ಲ ನೀಲಿ ಆಗಿದ್ದವು.

ಅದನ್ನ ಓದಿದವರಲ್ಲಿ ನಮ್ಮ ಚಿಗವ್ವನ ಮಗಳೂ ಇದ್ದಳು. ಚಿಗವ್ವನ ಮಗ ಆಗ ಕುವೈತ್‌ನಲ್ಲಿ ಎಸಿ ರಿಪೇರಿ ಕೆಲಸಕ್ಕಿದ್ದ. ಮರುದಿನ ಮುಂಜಾನೆ ಚಿಗವ್ವ ನಮ್ಮ ಮನೆ ಕಟ್ಟೆ ಮೇಲೆ ಬಂದು ಕೂತಳು. "ತಮ್ಮಾ, ನೀ ಸಾಲಿ ಕಲ್ತಾಂವ ಅದಿ. ನಾಳೆ ನಮ್ಮ ಹುಡುಗ ಇರೂ ಕಡೆ ಹಿಂಗಾದ್ರ ನಾ ಯಾರಿಗೆ ಫೋನ್ ಹಚ್ಲಿ? ಆಫೀಸ್ನವ್ರ ಓಡಿಹೋಗ್ತಾರಂತಲ್ಲ?" ಅಂದಳು.

ನನ್ನ ಹತ್ರ ಉತ್ತರ ಇರಲಿಲ್ಲ. ಮೂರು ದಿನ ಚಾದಂಗಡಿಯಲ್ಲಿ ಗಂಟಲು ಹರ್ಕೊಂಡಿದ್ದೆ, ಆದರೆ ಆಕೆ ಕೇಳಿದ ಒಂದು ಫೋನ್ ನಂಬರ್ ನನಗೆ ಗೊತ್ತಿರಲಿಲ್ಲ. ಇವತ್ತಿನ ಮಾತಿಗೆ ಆ ಪ್ರಶ್ನೆನೇ ಕಾರಣ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ರಾಯಭಾರ ಕಚೇರಿ ಅಂದ್ರೆ ಏನು? ಬಹಳ ಜನ ಹೇಳ್ತಾರೆ, ಆ ಕಾಂಪೌಂಡ್ ಒಳಗಿನ ನೆಲ ನಮ್ಮ ದೇಶದ್ದು ಅಂತ. ಅದು ತಪ್ಪು. ನೆಲ ಆ ದೇಶದ್ದೇ. ಆದರೆ ರಾಯಭಾರಿ ಒಪ್ಪಿಗೆ ಇಲ್ಲದೆ ಆ ದೇಶದ ಪೊಲೀಸ್ ಕೂಡ ಒಳಗೆ ಕಾಲಿಡೋ ಹಾಗಿಲ್ಲ. ಅಷ್ಟೇ ಅಲ್ಲ, ಹೊರಗಿನಿಂದ ಯಾರೂ ನುಗ್ಗದ ಹಾಗೆ, ಹಾನಿ ಮಾಡದ ಹಾಗೆ ಕಾಯೋ ವಿಶೇಷ ಹೊಣೆ ಆ ದೇಶದ್ದು. ಇದನ್ನ ಬರೆದಿಟ್ಟಿರೋದು 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿಯಲ್ಲಿ. 29ನೇ ವಿಧಿ ರಾಜತಾಂತ್ರಿಕರ ಮೈ ಮುಟ್ಟಬಾರದು ಅನ್ನತ್ತೆ. ಆ ಒಪ್ಪಂದಕ್ಕೆ ಸಹಿ ಬಿದ್ದ ದಿನ ಗೊತ್ತಾ? ಏಪ್ರಿಲ್ 18. ನಮ್ಮ ಇಬ್ಬರು ನಾಯಕರು ಟ್ವಿಟರ್‌ನಲ್ಲಿ ಜಗಳ ಆಡಿದ ದಿನಕ್ಕೆ ಸರಿಯಾಗಿ 62 ವರ್ಷ ಹಿಂದೆ.

ಕಾನೂನು ಹೊಸದು ಇರಬಹುದು, ಆದರೆ ಮಾತು ಹಳೇದು. ಲಂಕೆಯಲ್ಲಿ ಹನುಮಂತನನ್ನ ಕೊಲ್ಲಿ ಅಂದಾಗ ವಿಭೀಷಣ ತಡೆದದ್ದು ಯಾವ ಕಾರಣಕ್ಕೆ? ದೂತನನ್ನ ಕೊಲ್ಲಬಾರದು ಅಂತ. ನಮ್ಮ ಕಡೆ ಜಾತ್ರೆಗೆ ಕೃಷ್ಣ ಸಂಧಾನ ನಾಟಕ ಆಡಿದಾಗ, ಕೌರವ ಕೃಷ್ಣನನ್ನೇ ಕಟ್ಟಿಹಾಕೋಕೆ ಹೊರಟ ಕೂಡಲೇ ಮುಂದೆ ಕೂತ ಮುದುಕರು "ಇನ್ನ ಮುಗೀತು ಇವನ ಕತಿ" ಅಂತಾರೆ. ಸಂಧಾನ ಮುರಿದ ಮೇಲೆ ಕೊನೆಗೆ ಏನು ಉಳಿಯತ್ತೆ ಅನ್ನೋದನ್ನ ಗದಾಯುದ್ಧದಲ್ಲಿ ಬರೆದ ಕವಿಯ ಊರು ನಮ್ಮದು. ಇದನ್ನ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೂ ಜಗತ್ತಿನಲ್ಲಿ ಇದು ಮತ್ತೆ ಮತ್ತೆ ಮುರಿದಿದೆ. 1979ರ ನವೆಂಬರ್ 4ಕ್ಕೆ ಟೆಹ್ರಾನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಗೆ ಗುಂಪು ನುಗ್ಗಿತು. 52 ಜನ 444 ದಿನ ಒತ್ತೆಯಾಳು. 2008ರ ಜುಲೈ 7ಕ್ಕೆ ಕಾಬೂಲ್‌ನ ನಮ್ಮ ರಾಯಭಾರ ಕಚೇರಿ ಬಾಗಿಲಲ್ಲಿ ಕಾರ್ ಬಾಂಬ್. ಸತ್ತವರು 58. ನಾಲ್ವರು ನಮ್ಮ ಕಚೇರಿಯ ಭಾರತೀಯರು. ಉಳಿದವರಲ್ಲಿ ಬಹಳಷ್ಟು ಸಾಮಾನ್ಯ ಆಫ್ಘನ್ ಜನ. ಕೆಲವರು ವೀಸಾಕ್ಕೆ ಅಂತ ಬಂದವರು. ಈ ಮಾತನ್ನ ನೆನಪಿಟ್ಕೊಳ್ಳಿ. ರಾಯಭಾರ ಕಚೇರಿ ಮೇಲೆ ದಾಳಿ ಆದಾಗ ಬಾಗಿಲ ಮುಂದೆ ಕಾಗದ ಹಿಡ್ಕೊಂಡು ನಿಂತವನೂ ಸಾಯ್ತಾನೆ.

ಈಗ 2023ಕ್ಕೆ ವಾಪಸ್ ಬರೋಣ. ಸುಡಾನ್‌ಗಿಂತ ಒಂದು ತಿಂಗಳು ಮುಂಚೆ, ಮಾರ್ಚ್ 19ಕ್ಕೆ, ಲಂಡನ್‌ನ ಭಾರತದ ಹೈಕಮಿಷನ್ ಮುಂದೆ ಖಾಲಿಸ್ತಾನಿ ಬೆಂಬಲಿಗರು ಸೇರಿದರು. ಬಾಲ್ಕನಿ ಏರಿ ನಮ್ಮ ಧ್ವಜ ಕಿತ್ತರು. ಅದೇ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಕಾನ್ಸುಲೇಟ್ ಮೇಲೂ ದಾಳಿ. ನಮ್ಮ ಗುಂಪುಗಳಲ್ಲಿ ಆಗ ಎಷ್ಟು ಜನ ಡಿಪಿ ಬದಲಾಯಿಸಿದರು ಲೆಕ್ಕ ಇಲ್ಲ. ನಾನೂ ಬದಲಾಯಿಸಿದೆ. ಸಿಟ್ಟು ಬರಬೇಕಾದ್ದೇ, ಧ್ವಜದ ಪ್ರಶ್ನೆ. ಭಾರತ ಅವತ್ತೇ ದಿಲ್ಲಿಯಲ್ಲಿದ್ದ ಬ್ರಿಟನ್ನಿನ ಹಿರಿಯ ರಾಜತಾಂತ್ರಿಕರನ್ನ ಕರೆಸಿ ಕೇಳ್ತು: ನಿಮ್ಮ ಪೊಲೀಸರು ಎಲ್ಲಿದ್ದರು? ಮಾರ್ಚ್ 22ಕ್ಕೆ ದಿಲ್ಲಿಯ ಬ್ರಿಟಿಷ್ ಹೈಕಮಿಷನ್ ಮುಂದಿನ ಬ್ಯಾರಿಕೇಡ್ ತೆಗೆದರು. ಅದೇ ದಿನ ಲಂಡನ್‌ನಲ್ಲಿ ನಮ್ಮ ಕಚೇರಿ ಮುಂದೆ ಪೊಲೀಸ್ ಕಾವಲು ಹೆಚ್ಚಾಯ್ತು.

ಯಾಕೆ ಆಯ್ತು? ಲಂಡನ್‌ನಲ್ಲಿ ಕರೆಸಿ ಕೇಳೋಕೆ ಒಂದು ಸರ್ಕಾರ ಇತ್ತು. ಅದಕ್ಕೆ ನಾಚಿಕೆ ಇತ್ತು, ಲಾಭನಷ್ಟ ಇತ್ತು. ಖಾರ್ಟೂಮ್‌ನಲ್ಲಿ ಯಾರನ್ನ ಕರೆಸೋದು? ಏಪ್ರಿಲ್ 17ಕ್ಕೆ ಐರೋಪ್ಯ ಒಕ್ಕೂಟದ ರಾಯಭಾರಿಯನ್ನ ಅವರ ಮನೆಯೊಳಗೇ ಹೊಡೆದರು. ಅದೇ ದಿನ ಅಮೆರಿಕದ ರಾಜತಾಂತ್ರಿಕರ ಗಾಡಿಗಳ ಮೇಲೆ ಗುಂಡು ಬಿತ್ತು. ಗಾಡಿಗೆ ಅವರ ಗುರುತು ಇದ್ದರೂ ಬಿತ್ತು. ಮುಂದೆ ಈಜಿಪ್ಟ್ ರಾಯಭಾರ ಕಚೇರಿಯ ಒಬ್ಬ ಅಧಿಕಾರಿ ಕಚೇರಿಗೆ ಹೋಗ್ತಿರೋವಾಗ ಸತ್ತರು. ಕಾಯಬೇಕಾದ ಸರ್ಕಾರನೇ ಎರಡು ತುಂಡಾಗಿ ಬಡಿದಾಡ್ತಿದ್ದರೆ ವಿಯೆನ್ನಾದ ಕಾಗದ ಯಾರಿಗೆ ತೋರಿಸ್ತೀರಿ? ಅದಕ್ಕೇ ಭಾರತ ಸೌದಿ ಅರೇಬಿಯಾ, ಯುಎಇಗಳ ಜೊತೆ ಮಾತಾಡಬೇಕಾಯ್ತು. ಜೈಶಂಕರ್ ವಿಶ್ವಸಂಸ್ಥೆಯ ಗುಟೆರಸ್ ಅವರನ್ನ ಭೇಟಿ ಮಾಡಬೇಕಾಯ್ತು. ಎರಡೂ ಪಡೆಗಳ ಮೇಲೆ ಯಾರ ಮಾತು ನಡೆಯತ್ತೋ ಅವರನ್ನ ಹಿಡಿದು ದಾರಿ ಮಾಡ್ಕೋಬೇಕು.

ಇಲ್ಲಿ ನನಗೆ ನನ್ನ ಮೇಲೇ ಒಂದು ಅನುಮಾನ ಬಂತು. ಲಂಡನ್‌ನಲ್ಲಿ ಧ್ವಜ ಕಿತ್ತಾಗ ನನಗೆ ಕಟ್ಟಡ ಕಾಣಿಸ್ತು, ಗೌರವ ಕಾಣಿಸ್ತು. ಆ ಕಟ್ಟಡದೊಳಗೆ ಒಂದು ಫೋನ್ ಇದೆ, ಅದನ್ನ ಎತ್ತೋಕೆ ಒಬ್ಬ ಮನುಷ್ಯ ಇದಾನೆ, ಆ ಫೋನಿನ ಇನ್ನೊಂದು ತುದಿಯಲ್ಲಿ ಒಬ್ಬ ಎಸಿ ರಿಪೇರಿಯವನೋ, ಎಣ್ಣೆ ಮಾರೋ ಹೆಣ್ಣುಮಗಳೋ ಇರ್ತಾಳೆ ಅನ್ನೋದು ಕಾಣಿಸಲಿಲ್ಲ. ಹಣ ಇದ್ದವನು ಯುದ್ಧ ಅಂದ ಕೂಡಲೇ ಟಿಕೆಟ್ ತೆಗೆಸ್ತಾನೆ. ಕಂಪನಿಯವರು ತಮ್ಮ ಜನರಿಗೆ ವಿಮಾನ ಮಾಡ್ತಾರೆ. ಬಡವನಿಗೆ ಪರದೇಶದಲ್ಲಿ ಇರೋ ಕೊನೆ ಬಾಗಿಲು ಆ ಕಚೇರಿ. ಅದರ ಮೇಲೆ ದಾಳಿ ಆದ್ರೆ ಆ ಬಾಗಿಲು ಮುಚ್ಚತ್ತೆ.

ಹಾಗಾದ್ರೆ ಆ ಟ್ವಿಟರ್ ಜಗಳದಲ್ಲಿ ಯಾರು ಸರಿ? ಎರಡು ಬೆಂಚಿಗೂ ಇಷ್ಟ ಆಗದ ಉತ್ತರ ಹೇಳ್ತೇನೆ.

ಕೇಳಿದ್ದು ತಪ್ಪಲ್ಲ. ವಿರೋಧ ಪಕ್ಷದ ನಾಯಕ ತನ್ನ ರಾಜ್ಯದ ಬಡ ಜನರ ಬಗ್ಗೆ ಕೇಳದಿದ್ದರೆ ಇನ್ಯಾರು ಕೇಳಬೇಕು? ಚುನಾವಣೆ ಇದೆ ಅಂತ ಪ್ರಶ್ನೆಗೆ ರಜೆ ಕೊಡೋಕಾಗಲ್ಲ. ಹಕ್ಕಿಪಿಕ್ಕಿ ಅನ್ನೋ ಹೆಸರು ದೇಶದ ಸುದ್ದಿವಾಹಿನಿಗಳಿಗೆ ಮುಟ್ಟಿದ್ದರಲ್ಲಿ ಆ ಜಗಳದ ಪಾಲೂ ಇದೆ.

ಗುಟ್ಟು ಇಟ್ಟದ್ದೂ ತಪ್ಪಲ್ಲ. ಯಾರು ಯಾವ ಓಣಿಯಲ್ಲಿದ್ದಾರೆ, ಯಾವ ಬಸ್ಸು ಯಾವ ದಾರಿಯಲ್ಲಿ ಹೋಗತ್ತೆ ಅಂತ ಮಂತ್ರಿ ಟ್ವಿಟರ್‌ನಲ್ಲಿ ಬರೆದರೆ ಅದನ್ನ ಬಂದೂಕು ಹಿಡಿದವನೂ ಓದ್ತಾನೆ. ರಾಯಭಾರಿಯ ಮನೆಗೇ ನುಗ್ಗಿ ಹೊಡೆಯೋ ಊರಲ್ಲಿ ಎಣ್ಣೆ ಮಾರೋರ ವಿಳಾಸ ಬಿಟ್ಟುಕೊಡೋಕಾಗಲ್ಲ.

ತಪ್ಪು ಎಲ್ಲಿ ಅಂದ್ರೆ, ಏನೂ ಮಾಡಿಲ್ಲ ಅಂತ ಗೊತ್ತಿಲ್ಲದೆ ಹೇಳೋದು ಒಂದು. ಕೇಳಿದವನನ್ನೆಲ್ಲ ಓಟಿಗಾಗಿ ಕೇಳ್ತಿದ್ದಾನೆ ಅಂತ ಬಾಯಿ ಮುಚ್ಚಿಸೋದು ಇನ್ನೊಂದು. ಸಚಿವರು ಅದೇ ಮಾತನ್ನ ಸಮಾಧಾನದಿಂದ ಹೇಳಿ, ಕೆಳಗೆ ಒಂದು ಸಹಾಯವಾಣಿ ನಂಬರ್ ಹಾಕಿದ್ದರೆ ನಮ್ಮ ಚಿಗವ್ವನಂಥ ಎಷ್ಟೋ ತಾಯಂದಿರಿಗೆ ಅದು ಸಾಕಿತ್ತು. ಮೂರನೇ ತಪ್ಪು ನನ್ನಂಥವರದು. ಸರಿ ತಪ್ಪು ನೋಡದೆ ಬೆಂಚು ನೋಡಿ ಫಾರ್ವರ್ಡ್ ಮಾಡಿದ್ದು.

ಮುಂದೆ ಏನಾಯ್ತು ಅನ್ನೋದನ್ನೂ ಹೇಳಬೇಕು. ಏಪ್ರಿಲ್ 24ಕ್ಕೆ ಆಪರೇಷನ್ ಕಾವೇರಿ ಘೋಷಣೆ ಆಯ್ತು. ಹೆಸರು ನಮ್ಮ ನದಿದು. ಖಾರ್ಟೂಮ್‌ನಿಂದ ಕೆಂಪು ಸಮುದ್ರದ ಪೋರ್ಟ್ ಸುಡಾನ್‌ವರೆಗೆ ಬಸ್ಸಿನಲ್ಲಿ ಬರಬೇಕು. 800 ಕಿಲೋಮೀಟರ್‌ಗಿಂತ ಹೆಚ್ಚು. ನಮ್ಮೂರಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದ್ರೇ ಸೊಂಟ ಹಿಡೀತದೆ. ಇವರು ಅದಕ್ಕಿಂತ ದೂರ, ಮರುಭೂಮಿಯಲ್ಲಿ, ಚೆಕ್‌ಪೋಸ್ಟ್‌ಗಳ ನಡುವೆ ಬಂದರು. ಏಪ್ರಿಲ್ 25ಕ್ಕೆ ಐಎನ್‌ಎಸ್ ಸುಮೇಧಾ ಹಡಗು ಮೊದಲ 278 ಜನರನ್ನ ಜೆಡ್ಡಾ ಕಡೆಗೆ ಕರ್ಕೊಂಡು ಹೊರಡ್ತು. ಏಪ್ರಿಲ್ 27ರ ರಾತ್ರಿ ವಾಯುಪಡೆಯ ವಿಮಾನ ಖಾರ್ಟೂಮ್‌ನ ಉತ್ತರಕ್ಕಿರೋ ವಾದಿ ಸಯ್ಯಿದ್ನಾ ಅನ್ನೋ ಹಾಳಾದ ರನ್‌ವೇ ಮೇಲೆ ಇಳೀತು. ದೀಪ ಇಲ್ಲ. ಪೈಲಟ್‌ಗಳು ಕತ್ತಲಲ್ಲಿ ಕಾಣೋ ಕನ್ನಡಕ ಹಾಕ್ಕೊಂಡು ಇಳಿಸಿದರು. 121 ಜನ ಬಂದರು. ಮೇ 5ಕ್ಕೆ ಕಾರ್ಯಾಚರಣೆ ಮುಗಿದಾಗ ಬಂದವರ ಲೆಕ್ಕ 3,862. ಹಕ್ಕಿಪಿಕ್ಕಿ ಜನರೂ ಊರು ಸೇರಿದರು. ಖಾರ್ಟೂಮ್‌ನ ನಮ್ಮ ರಾಯಭಾರ ಕಚೇರಿಯನ್ನ ತಾತ್ಕಾಲಿಕವಾಗಿ ಪೋರ್ಟ್ ಸುಡಾನ್‌ಗೆ ಸಾಗಿಸಿದರು. ಅಂದ್ರೆ ಕಚೇರಿ ಓಡಿಹೋಗಲಿಲ್ಲ. ಜನ ಹೊರಗೆ ಬೀಳೋ ಬಂದರಿನ ಹತ್ತಿರ ಹೋಗಿ ಕೂತಿತು.

ಮೇ 7ಕ್ಕೆ ಪ್ರಧಾನಿ ಮೋದಿ ಪ್ರಚಾರಕ್ಕೆ ಅಂತ ಶಿವಮೊಗ್ಗಕ್ಕೆ ಬಂದಾಗ, ಸುಡಾನ್‌ನಿಂದ ಬಂದ ಹಕ್ಕಿಪಿಕ್ಕಿ ಜನರನ್ನ ಭೇಟಿ ಮಾಡಿದರು. ಮತದಾನಕ್ಕೆ ಮೂರೇ ದಿನ. ಅವರು ಜೀವ ಉಳಿದದ್ದಕ್ಕೆ ಕೈಮುಗಿದರು, ಅದು ಅವರ ಮನಸ್ಸಿನ ಮಾತು, ನಾನು ಅನುಮಾನ ಪಡಲ್ಲ. ಆದರೆ ಏಪ್ರಿಲ್‌ನಲ್ಲಿ ಅವರ ಹೆಸರಲ್ಲಿ ರಾಜಕೀಯ ಮಾಡಬೇಡಿ ಅಂದ ಮಾತು ಮೇ ತಿಂಗಳಿಗೆ ಎಲ್ಲಿ ಹೋಯ್ತು ಅಂತ ಚಾದಂಗಡಿಯ ಎದುರು ಬೆಂಚು ಕೇಳಿದಾಗ ಈ ಬೆಂಚಿನಲ್ಲಿ ಯಾರೂ ಮಾತಾಡಲಿಲ್ಲ. ಮೇ 13ಕ್ಕೆ ಫಲಿತಾಂಶ ಬಂತು, ಕಾಂಗ್ರೆಸ್ ಗೆದ್ದಿತು, ಸಿದ್ದರಾಮಯ್ಯ ಮುಖ್ಯಮಂತ್ರಿ ಆದರು. ಆಮೇಲೆ ಚಾದಂಗಡಿಯಲ್ಲಿ ಹಕ್ಕಿಪಿಕ್ಕಿ ಹೆಸರು ಎರಡು ಬೆಂಚಿನವರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸುಡಾನ್ ಯುದ್ಧ ಮಾತ್ರ ನಿಲ್ಲಲಿಲ್ಲ. ನಮ್ಮ ಜನ ಬಾಗಿಲು ಹಾಕ್ಕೊಂಡು ಕೂತಿದ್ದ ಆ ಎಲ್ ಫಶೇರ್ ಊರು 2025ರ ಅಕ್ಟೋಬರ್‌ನಲ್ಲಿ, ತಿಂಗಳುಗಟ್ಟಲೆ ಮುತ್ತಿಗೆ ಆದ ಮೇಲೆ, ಆರ್‌ಎಸ್‌ಎಫ್ ವಶ ಆಯ್ತು. ಅಲ್ಲಿನ ಜನರಿಗೆ ಕರ್ಕೊಂಡು ಹೋಗೋಕೆ ಯಾವ ಹಡಗೂ ಬರಲಿಲ್ಲ. ಅವರಿಗೆ ಅದು ಪರದೇಶ ಅಲ್ಲವಲ್ಲ, ಅದೇ ಅವರ ಊರು.

ನಮ್ಮೂರ ರನ್ನನೂ ಬಳೆಗಾರರ ಮನೆಯವನು. ಬಳೆ ಮಾರೋ ಮನೆಯಿಂದ ಹೊರಟು ವಿದ್ಯೆ ಹುಡುಕ್ಕೊಂಡು ಗಂಗರ ನಾಡಿಗೆ, ಶ್ರವಣಬೆಳಗೊಳದ ಕಡೆ ಹೋದವನು. ಅಲ್ಲಿ ಚಾವುಂಡರಾಯ ಆಸರೆ ಕೊಟ್ಟ. ಊರು ಬಿಟ್ಟು ಹೋದವನಿಗೆ ಪರನಾಡಿನಲ್ಲಿ ಒಂದು ಬಾಗಿಲು ತೆರೀಬೇಕು ಅನ್ನೋದು ಬೆಳಗಲಿಗೆ ಸಾವಿರ ವರ್ಷದಿಂದ ಗೊತ್ತಿರೋ ಮಾತು. ಚೀಲದಲ್ಲಿ ಎಣ್ಣೆ ಬಾಟಲಿ ಹಾಕ್ಕೊಂಡು ಸುಡಾನ್‌ಗೆ ಹೋದವರೂ ಹಂಗೇ ಹೋದವರು.

ಕೊನೆಗೆ ಚಿಗವ್ವನ ಪ್ರಶ್ನೆ. ಉತ್ತರ ಹುಡುಕೋಕೆ ನನಗೆ ಒಂದು ಸಾಯಂಕಾಲ ಸಾಕಾಯ್ತು. ನಿಮ್ಮ ಮನೆಯಲ್ಲೂ ಯಾರಾದರೂ ಹೊರದೇಶದಲ್ಲಿದ್ದರೆ ಇವತ್ತೇ ಮಾಡಿ. ಆ ದೇಶದ ಭಾರತೀಯ ರಾಯಭಾರ ಕಚೇರಿಯ ವೆಬ್‌ಸೈಟ್ ತೆಗೆದು ತುರ್ತು ನಂಬರ್ ಬರ್ಕೊಳ್ಳಿ. ಅವರ ಹೆಸರು, ಇರೋ ಜಾಗ, ಫೋನ್ ಅಲ್ಲಿ ನೋಂದಣಿ ಆಗಿದೆಯಾ ಕೇಳಿ. ಕಾಳಗ ಶುರುವಾದ ಮೇಲೆ ನೆಟ್ ಇರಲ್ಲ, ಮೊದಲೇ ಪಟ್ಟಿಯಲ್ಲಿ ಇದ್ದವರನ್ನ ಹುಡುಕೋದು ಸುಲಭ. ಪಾಸ್‌ಪೋರ್ಟ್, ವೀಸಾದ ಫೋಟೊ ಮನೆಯವರ ಹತ್ರ ಇರಲಿ. ತೊಂದರೆ ಆದರೆ ದೂರು ಹಾಕೋಕೆ ವಿದೇಶಾಂಗ ಸಚಿವಾಲಯದ ಮದದ್ ಅನ್ನೋ ಪೋರ್ಟಲ್ ಇದೆ. ಇಷ್ಟು ಮಾಡೋಕೆ ಯಾವ ಬೆಂಚಿನಲ್ಲಿ ಕೂತವರಾದ್ರೂ ನಡೀತದೆ.

ನಾನು ಕುವೈತ್ ಕಚೇರಿಯ ನಂಬರ್ ಒಂದು ಕ್ಯಾಲೆಂಡರ್ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಚಿಗವ್ವನಿಗೆ ಕೊಟ್ಟೆ. ಆಕೆಗೆ ಓದೋಕೆ ಬರಲ್ಲ, ಅಂಕಿ ಗೊತ್ತು. ದೇವರ ಜಗಲಿ ಪಕ್ಕ ಮೊಳೆ ಹೊಡೆದು ಹಾಕ್ಯಾಳೆ. ತಮ್ಮ ಈಗ ಊರಿಗೆ ಬಂದಿದ್ದಾನೆ, ಮಹಾಲಿಂಗಪುರದಲ್ಲಿ ಅಂಗಡಿ ಇಟ್ಟಿದ್ದಾನೆ. ಆದರೂ ಆ ಕಾಗದ ತೆಗೆದಿಲ್ಲ. ಯಾಕೆ ಚಿಗವ್ವ ಅಂದ್ರೆ, "ಇರ್ಲಿ ಬಿಡೋ. ಯಾರರ ಹುಡುಗ ಹೋಗ್ತಾನ, ಅವರವ್ವಗ ಬೇಕಾಗ್ತೈತಿ" ಅಂತಾಳೆ.

ಇಷ್ಟೇ ಇವತ್ತಿಗೆ. ಫಾರ್ವರ್ಡ್ ಬಟನ್ ಒತ್ತೋಕೆ ಮುಂಚೆ ಒಂದು ಸಲ ಚಿಗವ್ವನನ್ನ ನೆನೀರಿ. ಮುಂದಿನ ಕಂತಿನಲ್ಲಿ ಸಿಗೋಣ್ರಿ. ನಮಸ್ಕಾರ.